ಕಂಪ್ಯೂಟರ್ ಸೈನ್ಸ್ ಓದೋ ಮಗಳಿಗೆ ಡ್ಯಾನ್ಸ್ ಹಿಸ್ಟರಿ ಯಾಕೆ? ಅಮೇರಿಕಾದ ಲಿಬರಲ್ ಆರ್ಟ್ಸ್ ಕಾಲೇಜು ಗೊತ್ತಿರೋರು ಹೇಳಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ನಮ್ದು, ಈ ಅಮೇರಿಕಾ ಓದಿನ ವಿಷಯ ನಮ್ಮನೇಲಿ ಇದೇ ಮೊದಲು, ಹಾಗಾಗಿ ಪ್ರಶ್ನೆ ಪೆದ್ದು ಪೆದ್ದಾಗಿದ್ರೆ ಬೈಬೇಡಿ.

ಮಗಳಿಗೆ ಅಲ್ಲಿ ಒಂದು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಲ್ಲಿ (ಒಂದೇ ವಿಷಯ ಅಲ್ಲ, ಎಲ್ಲಾ ಥರದ ವಿಷಯ ಓದಿಸೋ ಡಿಗ್ರಿ ಕಾಲೇಜು) ಸೀಟ್ ಆಗಿದೆ, ಕಾಲೇಜಿನ ಹೆಸರು ಬೇಡ. ಸ್ಕಾಲರ್‌ಶಿಪ್ ಕಳೆದು ವರ್ಷಕ್ಕೆ 22,000 ಡಾಲರ್ ನಾವು ಕಟ್ಬೇಕು, ಊಟ ಹಾಸ್ಟೆಲ್ ಎಲ್ಲಾ ಸೇರಿ. ಅರ್ಧ ಬ್ಯಾಂಕ್ ಲೋನು, ಅರ್ಧ ಅವರಜ್ಜಿ ಅಡಿಕೆ ತೋಟ ಮಾರಿದ ದುಡ್ಡು. ಅವಳು ಓದ್ಬೇಕು ಅಂತಿರೋದು ಕಂಪ್ಯೂಟರ್ ಸೈನ್ಸ್. ಮೊನ್ನೆ ಕಾಲೇಜಿಂದ ಬಂದ ಹಾಳೆ ಪ್ರಿಂಟ್ ತೆಗೆಸಿ ಗಲ್ಲಾ ಮೇಲಿಟ್ಕೊಂಡು ಲೆಕ್ಕ ಹಾಕಿದೆ, ನಾಲ್ಕು ವರ್ಷಕ್ಕೆ ಒಟ್ಟು 32 ಕೋರ್ಸು, ಅದ್ರಲ್ಲಿ ಕಂಪ್ಯೂಟರ್ ಸೈನ್ಸ್ ಬರೀ 11! ಉಳಿದಿದ್ದು ಏನು ಅಂತ ನೋಡಿದ್ರೆ ಹ್ಯುಮಾನಿಟೀಸಲ್ಲಿ (ಸಾಹಿತ್ಯ, ಇತಿಹಾಸ, ಕಲೆ ಥರದ್ದು) 3, ಸೋಶಿಯಲ್ ಸೈನ್ಸಲ್ಲಿ 3, ನ್ಯಾಚುರಲ್ ಸೈನ್ಸಲ್ಲಿ 3, ಮೊದಲನೇ ವರ್ಷದ ಸೆಮಿನಾರ್ ಅಂತ ಒಂದು, ಬರವಣಿಗೆ ಕೋರ್ಸ್ 3, ಆಮೇಲೆ ಬೇರೆ ದೇಶದ ಭಾಷೆ, ಇಷ್ಟು ಸಾಲದು ಅಂತ ಪಿಇ (ದೈಹಿಕ ಶಿಕ್ಷಣ), ಅದ್ರಲ್ಲಿ ಈಜು ಪರೀಕ್ಷೆ. ಹ್ಯುಮಾನಿಟೀಸ್ ಪಟ್ಟಿಲಿ ಡ್ಯಾನ್ಸ್ ಹಿಸ್ಟರಿ ಇದೆ, ಮಗಳು ಅದಕ್ಕೇ ಟಿಕ್ ಹಾಕಿದ್ದಾಳೆ.

22,000ನ ವರ್ಷದ 8 ಕೋರ್ಸಿಂದ ಭಾಗಿಸಿದೆ, ಒಂದಕ್ಕೆ 2,750 ಡಾಲರ್. ಡಾಲರ್‌ಗೆ 85 ಅಂತ ಹಿಡಿದ್ರೂ ಒಂದು ಡ್ಯಾನ್ಸ್ ಹಿಸ್ಟರಿಗೆ ಎರಡು ಲಕ್ಷದ ಮೂವತ್ಮೂರು ಸಾವಿರ ಚಿಲ್ರೆ. ಮೊಳೆನ ಕೇಜಿ ಲೆಕ್ಕದಲ್ಲಿ ಮಾರೋನಿಗೆ ಮೊದಲು ಕಣ್ಣಿಗೆ ಬೀಳೋದು ಅದೇ ತಾನೆ. ಇದನ್ನೆಲ್ಲ ಕಡಿಮೆ ಮಾಡ್ಸೋಕೆ ದಾರಿ ಇದ್ಯಾ? ಪಿಯುಸಿಲಿ ಪಿಸಿಎಂಸಿ ಓದಿದ್ದಾಳೆ, 95 ಪರ್ಸೆಂಟ್, ಅದಕ್ಕೇನಾದ್ರೂ ವಿನಾಯಿತಿ? ಇನ್ನೊಂದು, ಕೊನೆಗೆ ಕೊಡೋ ಡಿಗ್ರಿ ಬಿಎ ಅಂತೆ. ನಮ್ಮ ಭಾವ ಮದುವೆ ಮನೇಲಿ ಎಲ್ಲರೆದುರಿಗೆ "ಬಿಎ ಓದೋಕೆ ಅಮೇರಿಕಾನಾ, ಸಹ್ಯಾದ್ರಿ ಕಾಲೇಜಲ್ಲಿ ಸೀಟ್ ಇರ್ಲಿಲ್ವಾ" ಅಂದ್ರು.

ಮಿನ್ನೆಸೋಟ ಮಂಜು

ಸರ್ ಮೊದಲು ಕಂಗ್ರಾಟ್ಸ್. ನಾನೂ ಇಂಥದ್ದೇ ಒಂದು ಕಾಲೇಜಲ್ಲಿ ಓದಿದವನು, ಮಿನ್ನೆಸೋಟದಲ್ಲಿ, ಮನೆ ಜಯನಗರ. ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿದೆ, ನೀವು ಎಲ್ಲಾನೂ ಕೂಡಿಸ್ತಾ ಹೋಗಿದ್ದೀರ, ಅಲ್ಲಿ ಒಂದೇ ಕೋರ್ಸು ಎರಡು ಖಾನೆಗೆ ಬೀಳುತ್ತೆ. ಡಬಲ್ ಕೌಂಟಿಂಗ್ ಅಂತಾರೆ, ಬಹಳ ಕಾಲೇಜಲ್ಲಿ ನಡಿಯುತ್ತೆ. ನೋಡಿ, ಮ್ಯಾಥ್ಸ್ ಕಂಪ್ಯೂಟರ್ ಸೈನ್ಸ್ ಎರಡೂ ಸಾಮಾನ್ಯವಾಗಿ ನ್ಯಾಚುರಲ್ ಸೈನ್ಸ್ ಗುಂಪಿಗೇ ಬರುತ್ತೆ, ಅಂದ್ರೆ ಆ 3 ತಾನಾಗೇ ಹೋಯ್ತು (ಒಂದು ಲ್ಯಾಬ್ ಇರ್ಲೇಬೇಕು ಅಂತ ಸಣ್ಣಕ್ಷರದಲ್ಲಿ ಇದ್ಯಾ ನೋಡಿ). ಮೊದಲನೇ ವರ್ಷದ ಸೆಮಿನಾರ್ ಫಿಲಾಸಫಿನೋ ಹಿಸ್ಟರಿನೋ ತಗೊಂಡ್ರೆ ಅದು ಹ್ಯುಮಾನಿಟೀಸಲ್ಲಿ ಒಂದು, ಬರವಣಿಗೆಲಿ ಒಂದು, ಎರಡೂ ಕಡೆ ಟಿಕ್. ಉಳಿದ ಎರಡು ಬರವಣಿಗೆ ಕೋರ್ಸನ್ನ ಹ್ಯುಮಾನಿಟೀಸ್ ಸೋಶಿಯಲ್ ಸೈನ್ಸ್ ಒಳಗೇ ಹುಡುಕ್ಕೊಂಡ್ರೆ ಕೊನೆಗೆ ನಿಜವಾಗ್ಲೂ ಹೊರಗಿಂದ ಕಡ್ಡಾಯ ಆಗಿರೋದು 6 ಕೋರ್ಸು. 32ರಲ್ಲಿ 11 ಮೇಜರ್ (ಅಂದ್ರೆ ಮುಖ್ಯ ವಿಷಯ), 6 ಕಡ್ಡಾಯ, ಉಳಿದ 15 ಅವಳಿಷ್ಟ, ಅದ್ರಲ್ಲಿ ಎರಡ್ಮೂರು ಮ್ಯಾಥ್ಸ್‌ಗೆ, ಒಂದಿಷ್ಟು ಆ ಭಾಷೆಗೆ ಹೋಗುತ್ತೆ ಅಷ್ಟೆ. ನೀವು ಜಗಳ ಆಡ್ಬೇಕಾಗಿರೋದು ಆ 15ರ ಬಗ್ಗೆ, 6ರ ಬಗ್ಗೆ ಅಲ್ಲ.

ಎಲ್ಲಾ ಕಾಲೇಜೂ ಒಂದೇ ಥರ ಇಲ್ಲ ಅನ್ನೋದೂ ಗೊತ್ತಿರ್ಲಿ. ಆಮ್ಹರ್ಸ್ಟಲ್ಲಿ ಮೊದಲನೇ ವರ್ಷದ ಒಂದು ಸೆಮಿನಾರ್ ಬಿಟ್ರೆ ಜನರಲ್ ಎಜುಕೇಶನ್ (ಮೇಜರ್ ಹೊರಗಿನ ವಿಷಯಗಳು) ಕಡ್ಡಾಯವೇ ಇಲ್ಲ, ಗ್ರಿನ್ನೆಲ್‌ನಲ್ಲೂ ಹಾಗೇ, ಒಂದು ಟ್ಯುಟೋರಿಯಲ್ ಅಷ್ಟೆ. ಸ್ವಾರ್ಥ್‌ಮೋರ್‌ನಲ್ಲಿ 32ರಲ್ಲಿ 20 ಮೇಜರ್ ಹೊರಗಿಂದ ಇರ್ಬೇಕು ಅಂತ ನಿಯಮವೇ ಇದೆ. ಇನ್ನೊಂದು ತುದೀಲಿ ಸೇಂಟ್ ಜಾನ್ಸ್ ಅಂತ ಇದೆ, ಅನಾಪೊಲಿಸ್ ಮತ್ತೆ ಸಾಂಟಾ ಫೆ, ಅಲ್ಲಿ ಮೇಜರ್ರೇ ಇಲ್ಲ, ಎಲ್ಲರೂ ಗ್ರೀಕರಿಂದ ಶುರು ಮಾಡಿ ಅವೇ ಪುಸ್ತಕ ಓದ್ಬೇಕು. ಅದಕ್ಕೆ ಹೋಲಿಸಿದ್ರೆ ನಿಮ್ಮ ಮಗಳದ್ದು ಮಧ್ಯಮ.

ಪಿಯುಸಿ ಮಾರ್ಕ್ಸ್ ಕ್ರೆಡಿಟ್‌ಗೆ ಬಹಳ ಆಸೆ ಇಟ್ಕೋಬೇಡಿ. ಮ್ಯಾಥ್ಸಲ್ಲಿ ಮೊದಲ ಕ್ಯಾಲ್ಕುಲಸ್ ಬಿಟ್ಟು ಮುಂದಿನ ಕ್ಲಾಸಿಗೆ ಕೂರಿಸಬಹುದು, ಪ್ಲೇಸ್‌ಮೆಂಟ್ ಅಂತಾರೆ, 32ರಲ್ಲಿ ಒಂದು ಕಡಿಮೆ ಮಾಡೋದು ಅಪರೂಪ.

ಈಗ ನನ್ನ ಕಥೆ. ಲ್ಯಾಬ್ ಸೈನ್ಸ್ ಒಂದು ಬೇಕಿತ್ತು, ನಾನು ಎಕನಾಮಿಕ್ಸ್ ಮೇಜರ್. ಜಿಯಾಲಜಿ ಸುಲಭ ಅಂತ ಸೀನಿಯರ್ಸ್ ಹೇಳಿದ್ರು, ಅಲ್ಲಿ ಅದಕ್ಕೆ "ರಾಕ್ಸ್ ಫಾರ್ ಜಾಕ್ಸ್" ಅಂತ ಅಡ್ಡಹೆಸರು, ಆಟ ಆಡೋ ಹುಡುಗರು ಪಾಸಾಗೋಕೆ ತಗೊಳ್ಳೋ ಕಲ್ಲಿನ ಪಾಠ. ಸರಿ ಅಂತ ಸೇರ್ಕೊಂಡೆ. ಅಕ್ಟೋಬರ್‌ನಲ್ಲಿ ಒಂದು ಶನಿವಾರ ಕಾಲೇಜ್ ವ್ಯಾನಲ್ಲಿ ಮಾರ್ಟನ್ ಅನ್ನೋ ಊರಿಗೆ ಕರ್ಕೊಂಡ್ ಹೋದ್ರು. ಹೊಲದ ಮಧ್ಯೆ ಒಂದು ಬಂಡೆ, ಗುಲಾಬಿ ಬಣ್ಣದ ಹಿಟ್ಟು ಕಪ್ಪು ಹಿಟ್ಟು ಎರಡನ್ನೂ ಅರ್ಧಂಬರ್ಧ ನಾದಿಬಿಟ್ಟ ಹಾಗೆ ಸುತ್ತು ಸುತ್ತು. ಮೇಡಂ ಇದು ಸುಮಾರು 350 ಕೋಟಿ ವರ್ಷದ್ದು ಅಂದ್ರು. ಚಳಿಗೆ ಕೈ ಮರಗಟ್ಟಿ ಪೆನ್ಸಿಲ್ ಹಿಡಿಯೋಕಾಗ್ತಿಲ್ಲ, ನೋಟ್‌ಬುಕ್ಕಲ್ಲಿ ಅದರ ಪಟ್ಟೆ ಬರೀಬೇಕು. ನನ್ನ ಹತ್ರ ಬಂದು ನೀನು ಯಾವೂರು ಅಂದ್ರು, ಬೆಂಗಳೂರು ಅಂದೆ. ಸಾಫ್ಟ್‌ವೇರ್ ಬಗ್ಗೆ ಏನೋ ಅಂತಾರೆ ಅಂತ ಕಾಯ್ತಿದ್ದೆ. ಅವರು "ಓ, ಧಾರವಾರ್ ಕ್ರೇಟಾನ್!" ಅಂದ್ರು, ಕಣ್ಣೆಲ್ಲ ದೊಡ್ಡದಾಗಿತ್ತು. ನಮ್ಮ ಧಾರವಾಡ! (ಕ್ರೇಟಾನ್ ಅಂದ್ರೆ ಭೂಮಿಯ ಬಹಳ ಹಳೇ ಗಟ್ಟಿ ಬಂಡೆ ನೆಲ.) ಆಮೇಲೆ ಲಾಲ್‌ಬಾಗಲ್ಲಿ ಬಂಡೆ ಇದ್ಯಲ್ಲ ನೋಡಿದ್ಯಾ ಅಂದ್ರು. ನೋಡೋದೇನು ಸರ್, ಕೆಂಪೇಗೌಡರ ಗೋಪುರದ ಹತ್ರ ಆ ಬಂಡೆ ಮೇಲೆ ಕೂತು ನಾನು ತಿಂದಿರೋ ಕಡಲೆಕಾಯಿ ಸಿಪ್ಪೆ ಗುಡ್ಡೆ ಹಾಕಿದ್ರೆ ಇನ್ನೊಂದು ಗೋಪುರ ಆಗುತ್ತೆ. ಅದು 300 ಕೋಟಿ ವರ್ಷದ್ದು ಅಂತ ಅಲ್ಲೇ ಬೋರ್ಡ್ ಹಾಕಿದ್ದಾರಂತೆ, ಒಂದಿನ ಓದಿರ್ಲಿಲ್ಲ. ಆ ಕೋರ್ಸಲ್ಲಿ ನನಗೆ ಬಂದಿದ್ದು ಬಿ ಮೈನಸ್, ಸುಲಭ ಅಂದವನನ್ನ ಹುಡುಕ್ತಾ ಇದ್ದೀನಿ ಇನ್ನೂ.

ಬಗ್‌ಫಿಕ್ಸ್ ಬಸವನಗುಡಿ

ಮಂಜು ಕಥೆ ಚೆನ್ನಾಗಿದೆ ಗುರು ಆದ್ರೆ ಪಾಪ ಅವರು ತೋಟ ಮಾರಿ ಕಳಿಸ್ತಿದ್ದಾರೆ. ನಾನು 14 ವರ್ಷದಿಂದ ಇಂಟರ್ವ್ಯೂ ತಗೊಳ್ತಿದ್ದೀನಿ, ಒಬ್ಬರಿಗೂ ಬಂಡೆ ಎಷ್ಟು ಹಳೇದು ಅಂತ ಕೇಳಿಲ್ಲ.

ಯಜಮಾನ್ರೇ, ಜನರಲ್ ಎಜುಕೇಶನ್ ಬಗ್ಗೆ ತಲೆ ಕೆಡಿಸ್ಕೊಳ್ಳೋ ಬದಲು ಮೇಜರ್ ಬಗ್ಗೆ ಕೆಡಿಸ್ಕೊಳ್ಳಿ. ಸಣ್ಣ ಕಾಲೇಜು ಅಂದ್ರೆ ಕಂಪ್ಯೂಟರ್ ಸೈನ್ಸ್ ಡಿಪಾರ್ಟ್‌ಮೆಂಟೂ ಸಣ್ಣದೇ. ಆಪರೇಟಿಂಗ್ ಸಿಸ್ಟಮ್ಸು, ನೆಟ್‌ವರ್ಕ್ಸು, ಕಂಪೈಲರ್ಸು ಇವೆಲ್ಲ ಎಷ್ಟೋ ಕಡೆ ಎರಡು ವರ್ಷಕ್ಕೊಮ್ಮೆ ಮಾತ್ರ ಇರುತ್ತೆ, ಪಾಠ ಮಾಡೋರು ರಜೆ ಮೇಲೆ ಹೋದ್ರೆ ಅದೂ ಇಲ್ಲ. ಹಿಂದಿನ ಮೂರ್ನಾಲ್ಕು ವರ್ಷದ ಕೋರ್ಸ್ ಪಟ್ಟಿ ವೆಬ್‌ಸೈಟಲ್ಲೇ ಸಿಗುತ್ತೆ, ಯಾವ್ದು ಯಾವ ಸೆಮಿಸ್ಟರಲ್ಲಿ ನಿಜವಾಗ್ಲೂ ನಡೀತು ಅಂತ ಮಗಳ ಜೊತೆ ಕೂತು ನೋಡಿ. ಕ್ಯಾಟಲಾಗಲ್ಲಿ ಹೆಸರಿದ್ರೆ ಅಂಗಡೀಲಿ ಸ್ಟಾಕ್ ಇದೆ ಅಂತ ಅಲ್ಲ, ನಿಮಗೆ ಗೊತ್ತಿರುತ್ತಲ್ಲ.

ಬಿಎ ವಿಷ್ಯ. ಆ ಥರದ ಬಹಳ ಕಾಲೇಜಲ್ಲಿ ಕೊಡೋದೇ ಬಿಎ ಒಂದೇ, ಫಿಸಿಕ್ಸ್ ಓದಿದ್ರೂ ಬಿಎ, ಕಂಪ್ಯೂಟರ್ ಸೈನ್ಸ್ ಓದಿದ್ರೂ ಬಿಎ. ಕಂಪನಿಯವರು ಮೇಜರ್ ನೋಡ್ತಾರೆ. ವೀಸಾಗೂ ಅಷ್ಟೇ, ಎಫ್-1 (ಸ್ಟೂಡೆಂಟ್ ವೀಸಾ) ಮೇಲೆ ಓದು ಮುಗಿಸಿದ್ರೆ ಒಂದು ವರ್ಷ ಒಪಿಟಿ (ಅಲ್ಲೇ ಕೆಲಸ ಮಾಡೋಕೆ ಅನುಮತಿ), ಸ್ಟೆಮ್ (ಸೈನ್ಸ್, ಟೆಕ್ನಾಲಜಿ, ಇಂಜಿನಿಯರಿಂಗ್, ಮ್ಯಾಥ್ಸ್) ಮೇಜರ್ ಆದ್ರೆ ಇನ್ನೂ 24 ತಿಂಗಳು ಎಕ್ಸ್‌ಟೆನ್ಶನ್, ಅದು ನಿಂತಿರೋದು ಐ-20 (ವೀಸಾಗೆ ಕಾಲೇಜು ಕೊಡೋ ಪತ್ರ) ಲಿ ಮೇಜರ್ ಮುಂದೆ ಬರೆದಿರೋ ಸಿಐಪಿ ಕೋಡ್ (ವಿಷಯದ ನಂಬರು) ಮೇಲೆ, ಬಿಎ ಬಿಎಸ್ ಮೇಲೆ ಅಲ್ಲ. ಕಂಪ್ಯೂಟರ್ ಸೈನ್ಸ್ ಕೋಡ್ 11ರಿಂದ ಶುರುವಾಗುತ್ತೆ. ಈಗ ಹೋಗುವಾಗ ಐ-20ಲಿ ಬೇರೆ ಏನೋ ಇರಬಹುದು, ಯಾಕಂದ್ರೆ ಮೇಜರ್ ಡಿಕ್ಲೇರ್ ಮಾಡೋದೇ ಸಾಮಾನ್ಯವಾಗಿ ಎರಡನೇ ವರ್ಷದ ಕೊನೇಲಿ. ಮಾಡಿದ್ಮೇಲೆ ಐ-20 ಅಪ್‌ಡೇಟ್ ಮಾಡಿಸ್ಕೋ ಅಂತ ಮಗಳಿಗೆ ಈಗ್ಲೇ ಹೇಳಿಡಿ. ಭಾವನಿಗೆ ಏನೂ ಹೇಳ್ಬೇಡಿ, ಭಾವಂದಿರು ಇರೋದೇ ಅದಕ್ಕೆ.

ತುಂಗಾತೀರ

ಇಬ್ರಿಗೂ ಧನ್ಯವಾದ. 6 ಅಂತ ಗೊತ್ತಾಗಿ ಸ್ವಲ್ಪ ಸಮಾಧಾನ ಆಯ್ತು. ಆದ್ರೂ ಒಂದು ಮಾತು, ನಾನು ಬಿಕಾಂ ಮಾಡುವಾಗ ಭಾರತ ಸಂವಿಧಾನ, ಪರಿಸರ ಅಧ್ಯಯನ ಅಂತ ಕಡ್ಡಾಯ ಪೇಪರ್ ಇತ್ತು, ಹಿಂದಿನ ದಿನ ರಾತ್ರಿ ಗೈಡ್ ತಂದು ಓದಿ ಪಾಸ್ ಮಾಡಿದ್ವಿ, ಒಂದಕ್ಷರ ನೆನಪಿಲ್ಲ. ಅಲ್ಲೂ ಇದೇ ಕಥೆ ಆದ್ರೆ 6 ಆದ್ರೇನು 16 ಆದ್ರೇನು.

ಧಾರವಾಡದ ಮಾಸ್ತರ

ಅಂಗಡಿ ಮಾಲಕ್ರ, ನಿಮ್ಮ ಸಂಶೇ ತಪ್ಪಲ್ರಿ. ಆದ್ರ ಅದು ಇಲ್ಲಿ ನೋಡಿ ಹುಟ್ಟಿದ ಸಂಶೇ. ನಾ ಡಿಗ್ರಿ ಕಾಲೇಜಿನ್ಯಾಗ ಇತಿಹಾಸ ಕಲಿಸಿ ರಿಟೈರ್ ಆದಾಂವ. 2021ರಾಗ ದೇಶದಾಗ ಎಲ್ಲಾರಕಿಂತ ಮೊದಲ ನಾವ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ತಂದೇವಿ ಅಂತ ನಮ್ಮ ರಾಜ್ಯದಾಗ ಹೇಳಿದ್ರು, ಅದರಾಗ ಓಪನ್ ಇಲೆಕ್ಟಿವ್ ಬಂತು. ಬಿಕಾಂ ಹುಡುಗ ಇತಿಹಾಸ ಓದಬೇಕು, ಬಿಎಸ್ಸಿ ಹುಡುಗಿ ಅರ್ಥಶಾಸ್ತ್ರ ಓದಬೇಕು. ಹಾಳಿ ಮ್ಯಾಲೆ ಭಾಳ ಛಂದ. ಆದದ್ದೇನು ಅಂದ್ರ ಯಾವ ಡಿಪಾರ್ಟ್‌ಮೆಂಟಿಗೆ ವರ್ಕ್‌ಲೋಡ್ ಕಡಿಮಿ ಇತ್ತೋ ಆ ವಿಷಯಕ್ಕ ಹುಡುಗೂರನ್ನ ದಬ್ಬಿದ್ವಿ. ನನ್ನ ಕ್ಲಾಸಿಗೆ ಒಮ್ಮೆಲೆ 140 ಬಿಕಾಂ ಹುಡುಗೂರು ಬಂದು ಕುಂತ್ರು, ಮೈಕ್ ಇಲ್ಲ, ಫ್ಯಾನಿನ ಸಪ್ಪಳ ಬ್ಯಾರೆ. ನಾ ನೋಟ್ಸ್ ಬರಸ್ತಿದ್ದೆ, ಮುಂದಿನ ಸಾಲಿನವ್ರು ಬರಕೋತಿದ್ರು, ಹಿಂದಿನವ್ರು ಅವರ ನೋಟ್ಸಿನ ಫೋಟೋ ಹೊಡಕೋತಿದ್ರು. ವಿಜಯನಗರದ ತೆರಿಗಿ ಪದ್ಧತಿ ಹೇಳೋವಾಗ ಒಬ್ಬ ಹುಡುಗ ಮಾತ್ರ ಎದ್ದು "ಸರ್, ಅವಾಗ ಜಿಎಸ್‌ಟಿ ಎಷ್ಟಿತ್ರಿ" ಅಂದ, ಎಲ್ಲಾರೂ ನಕ್ಕರು, ನನಗ ಆ ಇಡೀ ವರ್ಷದಾಗ ಬಂದ ಒಳ್ಳೇ ಪ್ರಶ್ನಿ ಅದೊಂದ. 2023ರಾಗ ಸರ್ಕಾರ ಬದಲಾತು, 2024ಕ್ಕ ನಾಕು ವರ್ಷದ ಡಿಗ್ರಿ ಹೋತು, ಮತ್ತ ಮೂರು ವರ್ಷಕ್ಕ ಬಂದ್ವಿ. ಹಿಂಗಾಗಿ ಕಡ್ಡಾಯ ಅನ್ನೋ ಶಬ್ದ ಕೇಳಿದ ಕೂಡಲೆ ನಮ್ಮ ಮಂದಿಗೆ ಗೈಡ್ ನೆನಪಾಗ್ತದ.

ಅಲ್ಲೆ ಫರಕ್ ಇರೋದು ವಿಷಯದಾಗ ಅಲ್ಲ, ತಲಿ ಎಣಿಕಿಯೊಳಗ. ಸೆಮಿನಾರ್ ಅಂದ್ರ ಸುಮಾರು ಹದಿನೈದು ಹುಡುಗೂರು, ಒಂದು ಮೇಜು. ಓದದ ಬಂದ್ರ ಅಡಗಿ ಕುಂದ್ರಾಕ ಹಿಂದಿನ ಸಾಲ ಇರಂಗಿಲ್ಲ. ಬರದದ್ದನ್ನ ಮಾಸ್ತರು ಸಾಲ ಸಾಲ ಓದಿ ತಿದ್ದಿ ಕೊಡ್ತಾರ, ಮತ್ತ ಬರದು ತಾ ಅಂತಾರ.

ಹಂಗಂತ ಅದೇನ ವೇದವಾಕ್ಯ ಅಲ್ರಿ, ಅಲ್ಲೂ ನೂರಾ ಐವತ್ತು ವರ್ಷದಿಂದ ಜಗಳಾ ಮಾಡ್ಕೋತನ ಬಂದಾರ. ಹಾರ್ವರ್ಡಿನ್ಯಾಗ ಚಾರ್ಲ್ಸ್ ಎಲಿಯಟ್ ಅಂತ 1869ರಿಂದ 1909ರ ತನಕಾ ಪ್ರೆಸಿಡೆಂಟ್ ಇದ್ದ. ಹಳೇ ಕಡ್ಡಾಯ ಎಲ್ಲಾ ಸಡಲಿಸಿ, ಬೇಕಾದ್ದು ಆರಿಸ್ಕೋರಿ ಅಂದ. ಆರಿಸ್ಕೋರಿ ಅಂದ್ರ ಹುಡುಗೂರು ಏನ್ ಮಾಡ್ತಾರ, ಮುಂಜಾನೆ ಏಳೋದು ಬ್ಯಾಡಾದ ಕ್ಲಾಸ್ ಆರಿಸ್ಕೋತಾರ. ಅವನ ನಂತರ ಬಂದ ಲೊವೆಲ್, ಒಂದು ವಿಷಯ ಆಳಕ್ಕ ಓದು, ಉಳಿದದ್ದು ಅಗಲಕ್ಕ ಹಂಚು ಅಂತ ಗೆರಿ ಹಾಕಿದ. ನಿಮ್ಮ ಗಲ್ಲಾ ಮ್ಯಾಲಿರೋ ಹಾಳಿಯೊಳಗಿನ ಮೂರು ಗುಂಪು ಅದರ ಮರಿಮಕ್ಕಳು ಅಂತ ತಿಳೀರಿ. ಕೊಲಂಬಿಯಾದವರು 1919ರಾಗ, ಮೊದಲನೇ ಮಹಾಯುದ್ಧ ಆದ ಮ್ಯಾಲೆ, ಆರಿಸೋದ ಬ್ಯಾಡ ಎಲ್ಲಾರೂ ಕೂಡಿ ಒಂದ ಕೋರ್ಸ್ ಓದೂಣು ಅಂತ ಬ್ಯಾರೆ ದಾರಿ ಹಿಡದ್ರು. 1969ರಾಗ ಬ್ರೌನ್ ಯೂನಿವರ್ಸಿಟಿ ಹುಡುಗೂರು ತಾವ ಕುಂತು ರಿಪೋರ್ಟ್ ಬರದು, ಓಡಾಡಿ, ಹಂಚಿಕಿ ಕಡ್ಡಾಯ ಎಲ್ಲಾ ಕಿತ್ತಿ ಹಾಕಿಸಿದ್ರು. ಹುಡುಗೂರು ಬರದ ರಿಪೋರ್ಟ್ ಕಾಲೇಜು ಮಾನ್ಯ ಮಾಡ್ತು ಅನ್ನೋದ ನನಗ ಇವತ್ತಿಗೂ ದೊಡ್ಡ ಸೋಜಿಗ.

ಎಡಿಸನ್ ಅಮ್ಮ

ನಮಸ್ಕಾರ, ನಾವು ಮೈಸೂರಿನವರು, ಈಗ ನ್ಯೂಜೆರ್ಸಿ. ಯಾರೂ ಭಾಷೆ ವಿನಾಯಿತಿ ವಿಷಯ ಹೇಳ್ಲಿಲ್ಲ ಅಂತ ಬರೀತಿದ್ದೀನಿ. ಅಣ್ಣಾ, ನಿಮ್ಮ ಮಗಳು ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಓದಿದ್ದಾಳೆ ತಾನೆ? ಹಾಗಿದ್ರೆ ಬೇರೆ ಭಾಷೆ ಕಡ್ಡಾಯಕ್ಕೆ ವಿನಾಯಿತಿ ಸಿಗೋ ಚಾನ್ಸ್ ಬಹಳ ಇದೆ. ಇಂಗ್ಲಿಷ್ ಅಲ್ಲದ ಭಾಷೇಲಿ ಓದಿ ಬರೆದು ಬರುತ್ತೆ ಅಂತ ದಾಖಲೆ ತೋರಿಸಿದ್ರೆ ಎಷ್ಟೋ ಕಾಲೇಜು ಬಿಡ್ತಾರೆ, ಕೆಲವು ಕಡೆ ಪರೀಕ್ಷೆ ಇಡ್ತಾರೆ. ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿ ರಿಜಿಸ್ಟ್ರಾರ್ ಆಫೀಸಿಗೆ ಈಗ್ಲೇ ಮೇಲ್ ಹಾಕ್ಲಿ. ಒಂದೇಟಿಗೆ ಎರಡ್ಮೂರು ಕೋರ್ಸ್ ಜಾಗ ಉಳಿಯುತ್ತೆ.

ನಮ್ಮ ಮಗನ ಕಥೆ ಕೇಳಿ. ಇಲ್ಲೇ ಹುಟ್ಟಿದವನು, ಮನೇಲಿ ಕನ್ನಡ ಚೆನ್ನಾಗೇ ಮಾತಾಡ್ತಾನೆ, ಪರೀಕ್ಷೆ ಬರೆದ್ರೆ ಸ್ಪ್ಯಾನಿಷ್ ತಪ್ಪುತ್ತೆ ಅಂತ ಖುಷಿಯಾಗಿ ಹೆಸರು ಕೊಟ್ಟ. ಅವರ ಕಾಲೇಜಲ್ಲಿ ಕನ್ನಡ ಗೊತ್ತಿರೋರು ಯಾರೂ ಇಲ್ಲ, ಹೊರಗಡೆ ಯಾರನ್ನೋ ಹುಡುಕೋಕೇ ಮೂರು ತಿಂಗಳು ಮಾಡಿದ್ರು, ನಾಲ್ಕು ಮೇಲ್‌ಗೆ ಒಂದು ಉತ್ತರ. ಕೊನೆಗೆ ಮಾತಿನ ಪರೀಕ್ಷೆ ಆಯ್ತು, ಚೆನ್ನಾಗಾಯ್ತು. ಆಮೇಲೆ ಒಂದು ಪುಟ ಬರೀಬೇಕು ಅಂದ್ರು ನೋಡಿ, ಹುಡುಗ ಎರಡು ವಾರ ಡೈನಿಂಗ್ ಟೇಬಲ್ ಮೇಲೆ ಕಾಪಿ ಬುಕ್ ಇಟ್ಕೊಂಡು ಕೂತ. ಕಾಗುಣಿತ ಹೇಗೋ ದಾಟಿದ, ಒತ್ತಕ್ಷರದಲ್ಲಿ ಸಿಕ್ಕಾಕ್ಕೊಂಡ. "ಅಮ್ಮ, ರಾಷ್ಟ್ರ ಅನ್ನೋದಕ್ಕೆ ಒಂದ್ರ ಕೆಳಗೆ ಎರಡು ಯಾಕೆ" ಅಂತ. ಬೆಳಗ್ಗೆ ಎದ್ದು ನೋಡಿದ್ರೆ ದಿನಸಿ ಚೀಟಿ ಹಿಂದೆಲ್ಲ ಷ್ಟ್ರ ಷ್ಟ್ರ ಷ್ಟ್ರ. ಫೇಲ್ ಆದ. ಸ್ಪ್ಯಾನಿಷ್ ಮೂರು ಸೆಮಿಸ್ಟರ್ ಓದಿದ.

ಆದ್ರೆ ಅದೇ ವರ್ಷ ಹ್ಯುಮಾನಿಟೀಸ್ ಖಾನೆ ತುಂಬಿಸೋಕೆ ಅಂತ ಭಾರತದ ಧರ್ಮಗಳ ಬಗ್ಗೆ ಒಂದು ಕೋರ್ಸ್ ತಗೊಂಡಿದ್ದ (ಗೊತ್ತಿರೋದು ಅಂತ ಸುಲಭ ಅನ್ಕೊಂಡು!). ಅಲ್ಲಿ ಎ.ಕೆ. ರಾಮಾನುಜನ್ ಮಾಡಿರೋ ವಚನಗಳ ಇಂಗ್ಲಿಷ್ ಅನುವಾದ ಪಾಠಕ್ಕಿತ್ತು. ಒಂದಿನ ರಾತ್ರಿ ಹನ್ನೊಂದಕ್ಕೆ ಫೋನ್, ಎದೆ ಧಸಕ್ ಅಂತು ನಂಗೆ. ನೋಡಿದ್ರೆ, "ಅಮ್ಮ, ಇದ್ರಲ್ಲಿ ನದಿಗಳು ಕೂಡೋ ಕಡೆ ಇರೋ ಒಡೆಯ ಅಂತಿದೆ, ಇದು ನೀನು ಹೇಳೋ ಕೂಡಲಸಂಗಮದೇವನಾ?" ಹೌದು ಕಣೋ ಅಂದೆ. ಅದು ನಿಜವಾದ ಊರು, ಮಲಪ್ರಭಾ ಕೃಷ್ಣೆಗೆ ಸೇರೋ ಜಾಗ, ನಿಮ್ಮ ತಾತ ಹೋಗಿದ್ರು ಅಂದೆ. ಅವನು ಅದು ಬರೀ ಕವಿತೇಲಿ ಬರೋ ಹೆಸರು ಅನ್ಕೊಂಡಿದ್ನಂತೆ. ಬಾಯಿಪಾಠ ಮಾಡಿಸಿ ಕನ್ನಡ ಕೂಟದ ಸ್ಟೇಜ್ ಮೇಲೆ ಎಷ್ಟು ಸಲ ಹೇಳಿಸಿದ್ದೆ, ಒಂದ್ಸಲನೂ ಅರ್ಥ ಕೇಳಿರ್ಲಿಲ್ಲ ಅವನು, ನಾನೂ ಹೇಳಿರ್ಲಿಲ್ಲ.

ಬಗ್‌ಫಿಕ್ಸ್ ಬಸವನಗುಡಿ

ಅಕ್ಕ ಷ್ಟ್ರ ಓದಿ ಆಫೀಸಲ್ಲಿ ಜೋರಾಗಿ ನಕ್ಕೆ, ಪಕ್ಕದವರು ನೋಡ್ತಿದ್ದಾರೆ. ಒಪ್ತೀನಿ ಒಪ್ತೀನಿ. ಆದ್ರೂ ನಂದೊಂದು ತಕರಾರು ಇದೆ, ಇಷ್ಟು ಒಳ್ಳೇದಾಗಿದ್ರೆ ಕಡ್ಡಾಯ ಯಾಕೆ ಮಾಡ್ಬೇಕು? ರುಚಿಯಾಗಿದ್ರೆ ಹೋಟ್ಲಲ್ಲಿ ಯಾರೂ ಹಿಡಿದು ತಿನ್ನಿಸಲ್ಲ.

ಮಿನ್ನೆಸೋಟ ಮಂಜು

ಹೋಟ್ಲಿಗೆ ಹೋದ್ರೆ ನಾನು ಇವತ್ತಿಗೂ ಮಸಾಲೆ ದೋಸೆ ಬಿಟ್ಟು ಬೇರೇನೂ ಹೇಳಲ್ಲ, ಅದಕ್ಕೇ ಕಡ್ಡಾಯ 😄

ಸರ್ ಇನ್ನೊಂದು ಮರೆತಿದ್ದೆ. ಈ 6 ಕೋರ್ಸನ್ನ ಕೊನೇ ವರ್ಷಕ್ಕೆ ತಳ್ಳೋಕೆ ಬಿಡ್ಬೇಡಿ. ನನ್ನ ರೂಮ್‌ಮೇಟ್ ಒಬ್ಬ ಲ್ಯಾಬ್ ಕೋರ್ಸನ್ನ ಕೊನೇ ಸೆಮಿಸ್ಟರ್‌ಗೆ ಇಟ್ಕೊಂಡ, ಸೀಟೆಲ್ಲ ಫುಲ್, ವೇಟ್‌ಲಿಸ್ಟಲ್ಲಿ ಒಂಬತ್ತನೇ ನಂಬರು. ಗ್ರಾಜುಯೇಶನ್ ದಿನ ಗೌನ್ ಹಾಕಿ ಸ್ಟೇಜ್ ಹತ್ತಿದ, ಕೈಗೆ ಕೊಟ್ಟ ಕವರ್ ಖಾಲಿ. ಬೇಸಿಗೇಲಿ ಬೇರೆ ಕಡೆ ದುಡ್ಡು ಕಟ್ಟಿ ಬಯಾಲಜಿ ಮುಗಿಸಿದ್ಮೇಲೆ ಡಿಗ್ರಿ ಬಂತು. ಮೊದಲೆರಡು ವರ್ಷದಲ್ಲಿ ನಾಲ್ಕಾದ್ರೂ ಮುಗಿಸ್ಲಿ. ಇನ್ನೊಂದು, ಆ ಹೊತ್ತಿಗೆ ಕಂಪ್ಯೂಟರ್ ಸೈನ್ಸ್ ಬೇಡ ಅನ್ಸಿದ್ರೂ ಅನ್ನಿಸಬಹುದು, ನನಗೆ ಮ್ಯಾಥ್ಸ್ ಬೇಡ ಅನ್ಸಿದ್ದು ಹಾಗೇ. ಅದಕ್ಕೆ ಅಲ್ಲಿ ಯಾರೂ ಗಾಬರಿ ಆಗಲ್ಲ, ನೀವೂ ಆಗ್ಬೇಡಿ.

ಮತ್ತೆ ಆ 2,750 ಡಾಲರ್ ಲೆಕ್ಕ ಬಿಟ್ಬಿಡಿ ಸರ್. ಅದ್ರಲ್ಲಿ ಅರ್ಧಕ್ಕರ್ಧ ಊಟ ರೂಮಿಗೇ ಹೋಗುತ್ತೆ, ಡ್ಯಾನ್ಸ್ ಹಿಸ್ಟರಿ ಬಿಟ್ರೆ ಯಾರೂ ದುಡ್ಡು ವಾಪಸ್ ಕೊಡಲ್ಲ, ಆ ಜಾಗಕ್ಕೆ ಇನ್ನೊಂದು ಕೋರ್ಸ್ ಬರುತ್ತೆ.

ತುಂಗಾತೀರ

ಎಲ್ಲರಿಗೂ ಬಹಳ ಉಪಕಾರ ಆಯ್ತು. ಎಡಿಸನ್ ತಂಗಿ ಹೇಳಿದ ಹಾಗೆ ಮೇಲ್ ಹಾಕು ಅಂತ ಮಗಳಿಗೆ ಹೇಳೋಕೆ ಹೋದ್ರೆ ಅವಳು ಹೋದ ವಾರನೇ ಹಾಕಿ ಆಗಿದೆ, ಕನ್ನಡದಲ್ಲಿ 125ಕ್ಕೆ 124 ಇದೆಯಲ್ಲ ಅಪ್ಪ ಅಂದ್ಲು. ಬಸವನಗುಡಿಯವರು ಹೇಳಿದ ಹಳೇ ಕೋರ್ಸ್ ಪಟ್ಟಿನೂ ತೆಗೆದು ನೋಡಿದ್ವಿ, ಆಪರೇಟಿಂಗ್ ಸಿಸ್ಟಮ್ಸ್ ಒಂದು ವರ್ಷ ಬಿಟ್ಟು ಒಂದು ವರ್ಷ ಇದೆ, ಅವಳ ಮೂರನೇ ವರ್ಷಕ್ಕೆ ಬರುತ್ತೆ, ಕ್ಯಾಲೆಂಡರ್ ಹಿಂದೆ ಬರೆದಿಟ್ಕೊಂಡಿದ್ದೀನಿ.

ಡ್ಯಾನ್ಸ್ ಹಿಸ್ಟರಿ ಯಾಕೆ ಅಂತ ಕೊನೆಗೂ ಕೇಳಿದೆ. ಅವಳು ಏಳು ವರ್ಷ ಭರತನಾಟ್ಯ ಕಲಿತಿದ್ದು, ಎಸ್ಸೆಸ್ಸೆಲ್ಸಿ ಅಂತ ನಾನೇ ಬಿಡಿಸಿದ್ದು. "ಬಿಟ್ಟಲ್ಲಿಂದ ಶುರು ಮಾಡ್ತೀನಿ, ಕುಣಿಯಲ್ಲ, ಓದ್ತೀನಿ ಅಷ್ಟೆ" ಅಂದ್ಲು. ನಾನು ಸುಮ್ಮನಾದೆ.

ಈಗ ಉಳಿದಿರೋದು ಈಜು. ಎಂಐಟಿ ಅಂಥ ದೊಡ್ಡ ಕಡೇಲೂ ಈ ಪರೀಕ್ಷೆ ಇದ್ಯಂತೆ, ಹಾಗಾಗಿ ತಮಾಷೆ ಅಲ್ಲ ಅಂತ ಗೊತ್ತಾಯ್ತು. ತುಂಗೆ ದಡದಲ್ಲಿ ಹುಟ್ಟಿ ಬೆಳೆದ ಹುಡುಗಿ, ನಾವು ಯಾವತ್ತೂ ಮೊಣಕಾಲಿಗಿಂತ ಮುಂದೆ ನೀರಿಗಿಳಿಯೋಕೆ ಬಿಟ್ಟಿಲ್ಲ. ಹೊರಡೋಕೆ ಇನ್ನು ಎರಡು ತಿಂಗಳಿದೆ, ಅಷ್ಟರಲ್ಲಿ ಈಜು ಬರುತ್ತಾ? ಹೆಣ್ಮಕ್ಕಳಿಗೆ ಕಲಿಸೋ ಒಳ್ಳೆ ಕೋಚ್ ಶಿವಮೊಗ್ಗದಲ್ಲಿ ಯಾರಾದ್ರೂ ಗೊತ್ತಿದ್ರೆ ಹೇಳಿ.